ಬಾಗಿಲ ಮರ

ಜಹ್ರಾ
ನವೆಂಬರ್ 10, 2023

ದೀಕ್ಷೂ ಮಗಾ,

ನಾನು ಕ್ಷೇಮ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಕಾಗದವನ್ನು ಕೊನೆಯಿಂದ ಓದಲು ಶುರುಮಾಡುತ್ತಿ.

ಇದೇ ಕುವೈತಿನಲ್ಲಿದ್ದೂ ತಾಯಿ ಮಗಳು ಕಾಗದ ಬರೆಯುವ ಹಾಗಾಯಿತು. ಈ ಮನೆಯ ಮೇಡಂ ನನ್ನ ಫೋನನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಫೋನ್ ಕೈಯಲ್ಲಿದ್ದರೆ ಮಗುವಿನ ಮೇಲೆ ಗಮನ ಇರುವುದಿಲ್ಲವಂತೆ. ರಸ್ತೆಯ ತುದಿಯಲ್ಲಿ ಅಂಗಡಿ ಇಟ್ಟಿರುವ ಶರೀಫಣ್ಣ ಉಳ್ಳಾಲದವರು. ವಾರಕ್ಕೊಮ್ಮೆ ಸಾಮಾನಿಗೆಂದು ಶುವೈಖ್‌ಗೆ ಬರುತ್ತಾರೆ. ನೀನು ಕೆಲಸ ಮಾಡುವ ಕಾರ್ ಶೋರೂಮಿಗೆ ನನ್ನ ಕಾಗದ ತಂದುಕೊಡುತ್ತೇನೆ, ನಿನ್ನ ಕಾಗದವನ್ನೂ ತರುತ್ತೇನೆ ಎಂದಿದ್ದಾರೆ. ಒಳ್ಳೆಯ ಮನುಷ್ಯ.

ಮನೆಯಲ್ಲಿ ಹೆಚ್ಚು ಜನ ಇಲ್ಲ. ಯಜಮಾನ ಫಾರಿಸ್, ಅವರ ಹೆಂಡತಿ, ಆರು ವರ್ಷದ ಮಗಳು ನುಹಾ. ಮತ್ತೆ ಫಾರಿಸರ ತಾಯಿ. ಅವರನ್ನು ಎಲ್ಲರೂ ‘ಯುಮ್ಮಾ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹಾಸಿಗೆ ಹಿಡಿದಿದ್ದಾರೆ, ಮಾತು ಮಾತ್ರ ಖಡಕ್ಕು. ನುಹಾ ದಿನವಿಡೀ ನನ್ನ ಸೆರಗು ಬಿಡುವುದಿಲ್ಲ. ನನಗೆ ಮೊದಲಿನ ಮನೆಗಿಂತ ಕೆಲಸ ಕಡಿಮೆ.

ಹಿತ್ತಿಲಲ್ಲಿ ಒಂದು ಮರ ಉಂಟು. ಈ ಮರಳಿನ ನಾಡಿನಲ್ಲಿ ಅಂಥ ಮರ ನಾನು ನೋಡಿಲ್ಲ. ಮೈತುಂಬಾ ಮುಳ್ಳು, ಬಿಳಿ ಹೂವು, ಕೆಂಪು ಕಾಯಿ, ಎಲ್ಲ ಒಟ್ಟಿಗೇ. ಕಾಂಡದಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ದೊಡ್ಡ ಪೊಟರೆ. ಬುಡದ ನೆಲ ಯಾವಾಗಲೂ ಒದ್ದೆ. ಕೊಂಬೆಗಳಿಗೆ ಯುಮ್ಮಾ ಕಟ್ಟಿಸಿದ ಬಟ್ಟೆಯ ಚೂರುಗಳು. ಅವರ ಅಜ್ಜ ಮುತ್ತು ತೆಗೆಯುವ ಹಡಗಿನಲ್ಲಿದ್ದವರಂತೆ. ದಾರಿ ತಪ್ಪಿ ಮಂಜು ಮುಚ್ಚಿದ ಒಂದು ದ್ವೀಪಕ್ಕೆ ಹೋಗಿ, ಅಲ್ಲಿಂದ ಒಂದು ಕೊಂಬೆ ಮುರಿದು ತಂದರಂತೆ. "ಒಂದು ಹಗಲು ಮಾತ್ರ ಅಲ್ಲಿದ್ದೆ ಎನ್ನುತ್ತಿದ್ದ. ಊರಿಗೆ ಬಂದರೆ ಅವನ ತಮ್ಮ ಮುದುಕನಾಗಿದ್ದ" ಎಂದರು ಯುಮ್ಮಾ. ಮರದ ಹೆಸರು ‘ಶಜರತ್ ಅಲ್-ಬಾಬ್’. ಬಾಗಿಲ ಮರ ಎಂದರ್ಥ.

ನನಗೆ ಮೂರು ಮಾತು ಹೇಳಿದ್ದಾರೆ. ಅದರ ಕಾಯಿ ತಿನ್ನಬಾರದು. ಬುಡದ ನೀರು ಕುಡಿಯಬಾರದು. ಮಧ್ಯಾಹ್ನ ಅದು ಯಾರದಾದರೂ ಸ್ವರದಲ್ಲಿ ಕರೆದರೆ ಓಗೊಡಬಾರದು.

ನಾಗಬನದ ಹತ್ತಿರ ಹುಟ್ಟಿ ಬೆಳೆದವಳು ನಾನು. ಎಲ್ಲಿ ಕೈಮುಗಿದು ದೂರ ಹೋಗಬೇಕೆಂದು ಗೊತ್ತು. ನೀನು ಹೆದರಬೇಡ.

ನಿನ್ನ
ಅಮ್ಮ

*

ಮಹಬೂಲಾ
ನವೆಂಬರ್ 19, 2023

ಅಮ್ಮಾ,

ಹೆದರಬೇಡ ಎಂದು ಬರೆದರೆ ಹೆದರದೆ ಇರುವುದು ಹೇಗೆ? ನನಗೆ ಮರದ ಹೆದರಿಕೆ ಇಲ್ಲ. ಫೋನ್ ಕಸಿದುಕೊಳ್ಳುವ ಮನೆಯ ಹೆದರಿಕೆ. ನಿನ್ನ ಕಾಗದವನ್ನು ಲೊರೈನ್‌ಗೆ ಓದಿ ಹೇಳಿದೆ. ನನ್ನ ರೂಮಿನವಳು, ಬಜ್ಪೆಯ ಹುಡುಗಿ, ನಿನಗೆ ಫೋಟೋ ಕಳಿಸಿದ್ದೆನಲ್ಲ. ಅವಳು ಶಿಲುಬೆಯ ಗುರುತು ಮಾಡಿಕೊಂಡು "ನಿನ್ನ ಅಮ್ಮನನ್ನು ಅಲ್ಲಿಂದ ಬಿಡಿಸು ಮಾರಾಯ್ತಿ" ಎಂದಳು. ನಾನು ನಕ್ಕೆ.

ಆದರೂ ಬೇರೆ ಮನೆ ಹುಡುಕುತ್ತಿದ್ದೇನೆ. ವೀಸಾ ಕೊಟ್ಟ ಕಫೀಲ್ ನಿನ್ನನ್ನು ಬಿಟ್ಟುಕೊಡಲು ರಿಲೀಸ್ ಬರೆದುಕೊಡಬೇಕಷ್ಟೆ. ಒಂದು ಒಳ್ಳೆಯ ದಿನ ನೋಡಿ ಫಾರಿಸರನ್ನು ಕೇಳು. ಮೇಡಮ್ಮನ್ನು ಕೇಳಬೇಡ.

ಯುಮ್ಮಾ ಹೇಳಿದ್ದು ವಯಸ್ಸಾದವರ ಕಥೆ. ಕಿವಿಗೊಡು, ತಲೆಗೆ ಹಾಕಿಕೊಳ್ಳಬೇಡ.

ದೀಕ್ಷಿತಾ

*

ಜಹ್ರಾ
ಡಿಸೆಂಬರ್ 15, 2023

ಮಗಾ,

ರಿಲೀಸ್ ವಿಷಯ ಕೇಳುವ ಹೊತ್ತು ಇದಲ್ಲ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಫಾರಿಸರಿಗೆ ಹಿತ್ತಿಲಲ್ಲಿ ಗೆಳೆಯರು ಬಂದರೆ ಕುಳಿತುಕೊಳ್ಳಲು ಒಂದು ಹಾಲ್ ಕಟ್ಟಿಸಬೇಕು. ಮರ ಕಡಿಸುತ್ತೇನೆ ಎಂದರು. ಯುಮ್ಮಾ ಹಾಸಿಗೆಯಿಂದ ಜಾರಿ, ನೆಲದಲ್ಲಿ ತೆವಳಿಕೊಂಡು ಬಂದು ಮಗನ ಕಾಲು ಹಿಡಿದರು. ನಾನೇ ಎತ್ತಿ ಮಲಗಿಸಿದೆ. ಮಾರನೆಯ ದಿನ ಶುವೈಖ್‌ನಿಂದ ಇಬ್ಬರು ಗರಗಸದ ಯಂತ್ರ ಹಿಡಿದುಕೊಂಡು ಬಂದರು. ಮೊದಲ ಕೊಂಬೆ ಬಿತ್ತು. ಬಿದ್ದಾಗ ಅದು ಮರ ಬಿದ್ದ ಸದ್ದಲ್ಲ ಮಗಾ. ಗೆಜ್ಜೆಯ ರಾಶಿಯನ್ನು ಸುರಿದ ಹಾಗೆ ಕೇಳಿಸಿತು.

ಕೊಯ್ಯುತ್ತಿದ್ದವನು ಯಂತ್ರ ನಿಲ್ಲಿಸಿದ. ಪೊಟರೆಯ ಕಡೆ ತಿರುಗಿ, ಯಾರೋ ಮಾತಾಡುತ್ತಿರುವ ಹಾಗೆ ತಲೆಯಾಡಿಸಿದ. "ನನ್ನ ಅಪ್ಪ" ಎಂದ ಹಿಂದಿಯಲ್ಲಿ. "ಅವರನ್ನು ಮಣ್ಣು ಮಾಡಿ ಬಂದವನು ನಾನು. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದಾರೆ." ಜೊತೆಗಾರ ಅವನ ಸೊಂಟ ಹಿಡಿದು ಎಳೆಯದೆ ಇದ್ದರೆ ಒಳಗೆ ನುಗ್ಗುತ್ತಿದ್ದ. ಯಂತ್ರ ಅಲ್ಲೇ ಬಿಟ್ಟು ಹೋದರು, ಇವತ್ತಿಗೂ ತೆಗೆದುಕೊಂಡು ಹೋಗಲು ಬಂದಿಲ್ಲ.

ಯುಮ್ಮಾ ಅಂದಿನಿಂದ ಮಾತು ಬಿಟ್ಟಿದ್ದಾರೆ. ಬಿದ್ದ ಕೊಂಬೆಯಿಂದ ನುಹಾ ಒಂದು ರೆಂಬೆ ಮುರಿದುಕೊಂಡಿದ್ದಾಳೆ. ಅಲ್ಲಾಡಿಸಿದರೆ ಕಿಣಿಕಿಣಿ ಎನ್ನುತ್ತದೆ, ಕೇಳಿದವರಿಗೆ ನಿದ್ದೆಗೆ ಕಣ್ಣು ಎಳೆಯುತ್ತದೆ. ಎರಡು ಸಲ ಬಿಸಾಡಿದೆ. ಮರಳಿ ಅವಳ ದಿಂಬಿನ ಅಡಿಯಲ್ಲೇ ಸಿಕ್ಕಿತು.

ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಮೊನ್ನೆ ಮಧ್ಯಾಹ್ನ ಬಟ್ಟೆ ಒಣಹಾಕುವಾಗ ನೀನು ನನ್ನನ್ನು ಕರೆದೆ. ಈಗಿನ ನೀನಲ್ಲ. ಬಾಲವಾಡಿಗೆ ಹೋಗುತ್ತಿದ್ದ ನೀನು. "ಅಮ್ಮಾ, ಬಾ, ಇಲ್ಲಿ ತಂಪುಂಟು" ಎಂದೆ. ನಾನು ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದೆ.

ಇದು ನಾಗನಲ್ಲ, ಭೂತವೂ ಅಲ್ಲ. ಭೂತಕ್ಕೆ ಹೆಸರುಂಟು, ಕೋಲ ಕಟ್ಟಿ ನೇಮ ಕೊಟ್ಟರೆ ಎದುರು ನಿಂತು ಮಾತಾಡುತ್ತದೆ, ಎಂತ ಬೇಕೆಂದು ಹೇಳುತ್ತದೆ. ಇದಕ್ಕೆ ಎಂತ ಬೇಕೆಂದು ಯಾರಿಗೂ ಗೊತ್ತಿಲ್ಲ. ಅದೇ ನನಗೆ ಹೆದರಿಕೆ.

ಅಮ್ಮ

*

ಮಹಬೂಲಾ
ಡಿಸೆಂಬರ್ 24, 2023

ಅಮ್ಮಾ,

ಶುಕ್ರವಾರ ನಾನು ಬಂದಿದ್ದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಮೇಡಂ ಗೇಟಿನಲ್ಲೇ ನಿಲ್ಲಿಸಿ, ನೀನು ಕೆಲಸದಲ್ಲಿದ್ದಿ ಎಂದರು. ನಾನು ಹಿಂದಿನ ಗೋಡೆಯ ಕಡೆ ಹೋಗಿ ನೋಡಿದೆ. ಗೋಡೆಯ ಮೇಲಿನಿಂದ ಮರದ ತಲೆ ಕಾಣಿಸಿತು. ಗಾಳಿ ಜೋರಾಗಿತ್ತು, ಆಚೆ ಮನೆಯ ಖರ್ಜೂರದ ಗರಿಗಳು ಹೊಡೆದುಕೊಳ್ಳುತ್ತಿದ್ದವು. ಈ ಮರದ ಒಂದು ಎಲೆಯೂ ಅಲ್ಲಾಡಲಿಲ್ಲ.

ನನಗೆ ಏನೂ ಕೇಳಿಸಲಿಲ್ಲ. ಆದರೆ ಅಲ್ಲಿ ನಿಲ್ಲಲು ಆಗಲಿಲ್ಲ. ಶರೀಫಣ್ಣನ ಅಂಗಡಿಗೆ ಬಂದು ನೀರು ಕುಡಿದೆ. "ಆ ಓಣಿಗೆ ಮಧ್ಯಾಹ್ನ ನಾನು ಡೆಲಿವರಿ ಕೊಡುವುದಿಲ್ಲ ತಂಗಿ" ಎಂದರು ಅವರು. "ಯಾಕೆಂದು ಕೇಳಬೇಡ. ನಾನು ನಮಾಝ್ ಮಾಡುವವನು, ಅಂಥದ್ದನ್ನೆಲ್ಲ ಬಾಯಲ್ಲಿ ಹೇಳುವುದಿಲ್ಲ."

ನೀನು ಅಲ್ಲಿ ಇರಬೇಡ. ಹೊರಟು ಬಾ. ಮುಂದಿನದನ್ನು ಎಂಬೆಸಿಯಲ್ಲಿ ಕೇಳೋಣ.

ದೀಕ್ಷಿತಾ

*

ಜಹ್ರಾ
ಜನವರಿ 18, 2024

ಮಗಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನುಹಾ ನಿನ್ನೆಯಿಂದ ಕಾಣುತ್ತಿಲ್ಲ.

ನಾನು ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದೆ. ಕಿಟಕಿಯಿಂದ ಅವಳ ಹಳದಿ ಫ್ರಾಕ್ ಕಾಣುತ್ತಿತ್ತು. ಪಾತ್ರೆ ಕೆಳಗಿಟ್ಟು ತಲೆ ಎತ್ತಿದೆ, ಇಲ್ಲ. ಪೊಟರೆಯ ಎದುರು ಒಂದು ಚಪ್ಪಲಿ. ಪೊಲೀಸರು ಬಂದರು, ನಾಯಿ ತಂದರು. ನಾಯಿ ಮರದ ಹತ್ತಿರ ಬಂದು ಬಾಲ ಮಡಚಿ ಕುಳಿತುಬಿಟ್ಟಿತು. ಪೊಟರೆಯೊಳಗೆ ಟಾರ್ಚ್ ಹಾಕಿ ನೋಡಿದರು, ಬರೀ ಮರವಂತೆ. ಮೇಡಂ ನನ್ನ ಕೆನ್ನೆಗೆ ಹೊಡೆದರು. ಹೊಡೆಯಲಿ. ಹೆತ್ತವಳು.

ನನಗೆ ನುಹಾ ಅಳುವುದು ಕೇಳುತ್ತಿದೆ. ಬೇರೆ ಯಾರಿಗೂ ಕೇಳುವುದಿಲ್ಲ. ಇದು ಮರದ ಕರೆಯಲ್ಲ. ಮರ ಕರೆಯುವಾಗ ಸ್ವರದಲ್ಲಿ ಸಕ್ಕರೆ ಇರುತ್ತದೆ. ಇವಳು ಮೂಗು ಸುರಿಸಿಕೊಂಡು ಅಳುತ್ತಿದ್ದಾಳೆ.

ಬೆಳಿಗ್ಗೆ ಯುಮ್ಮಾ ಬಾಯಿ ತೆರೆದರು. "ಅವಳಿಗೆ ನಿನ್ನ ಕೈಯ ಗುರುತು ಉಂಟು. ನೀನು ಹೋದರೆ ಬರುತ್ತಾಳೆ. ಒಳಗೆ ಏನನ್ನೂ ತಿನ್ನಬೇಡ, ಕುಡಿಯಬೇಡ. ಯಾರೇ ಕರೆದರೂ ಓಗೊಡಬೇಡ" ಎಂದರು. ಮತ್ತೆ ಗೋಡೆಯ ಕಡೆ ತಿರುಗಿ ಅತ್ತರು.

ಹೋಗದೆ ಇದ್ದರೆ ಆ ಅಳು ಕೇಳಿಕೊಂಡು ನಾನು ಈ ಮನೆಯಲ್ಲಿ ಪಾತ್ರೆ ತೊಳೆಯಬೇಕು. ಅದು ನನ್ನಿಂದ ಆಗುವುದಿಲ್ಲ. ಇದನ್ನು ಶರೀಫಣ್ಣನಿಗೆ ಕೊಟ್ಟು ಹೋಗುತ್ತೇನೆ. ಮಧ್ಯಾಹ್ನದ ಒಳಗೆ ಬಂದು ಮತ್ತೆ ಬರೆಯುತ್ತೇನೆ.

ಅಮ್ಮ

*

ಮಹಬೂಲಾ
ಜನವರಿ 28, 2024

ಅಮ್ಮಾ,

ಬರೆಯುತ್ತೇನೆ ಎಂದೆಯಲ್ಲ. ಬರೆ.

ಮಗು ಸಿಕ್ಕಿತು ಎಂದು ಶರೀಫಣ್ಣ ಹೇಳಿದರು. ಅದೇ ದಿನ ಸಂಜೆ ಮರದ ಬುಡದಲ್ಲಿ ಮಲಗಿದ್ದಳಂತೆ, ತಲೆಕೂದಲೆಲ್ಲ ಮಂಜಿನಲ್ಲಿ ನೆಂದಿತ್ತಂತೆ. ನೀನು ಎಲ್ಲಿ ಎಂದು ಕೇಳಿದರೆ ಅವರು ಅಂಗಡಿಯ ತಕ್ಕಡಿ ಒರೆಸುತ್ತಾ ನಿಂತರು.

ಪುರುಸೊತ್ತಿಲ್ಲದಿದ್ದರೆ ಒಂದು ಸಾಲು ಸಾಕು.

ದೀಕ್ಷಿತಾ

*

ಮಹಬೂಲಾ
ಮಾರ್ಚ್ 30, 2024

ಅಮ್ಮಾ,

ಈ ಕಾಗದವನ್ನು ಶರೀಫಣ್ಣ ತಮ್ಮ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಾರೆ. ಹಿಂದಿನದೂ ಅಲ್ಲೇ ಉಂಟು. ನೀನು ಬಂದರೆ ಕೊಡಲಿ.

ನೀನು ಮನೆಯಿಂದ ಓಡಿಹೋದೆ ಎಂದು ಮೇಡಂ ದೂರು ಬರೆಸಿದ್ದಾರೆ. ನಾನು ಠಾಣೆಗೆ ಹೋಗಿದ್ದೆ. ಅಲ್ಲಿಯ ಅಧಿಕಾರಿ ಕಂಪ್ಯೂಟರ್ ನೋಡಿ, "ನಿನ್ನ ತಾಯಿಯನ್ನು ನೀನೇ ಬಚ್ಚಿಟ್ಟಿದ್ದರೆ ಈಗಲೇ ಹೇಳು" ಎಂದ. "ಅವಳ ಚಪ್ಪಲಿ, ಬಟ್ಟೆ, ಫೋನ್ ಎಲ್ಲ ಆ ಮನೆಯಲ್ಲೇ ಉಂಟು, ಬರಿಗಾಲಲ್ಲಿ ಯಾರು ಓಡಿಹೋಗುತ್ತಾರೆ?" ಎಂದೆ. "ಹಾಗಾದರೆ ಎಲ್ಲಿದ್ದಾಳೆ?" ಎಂದ. ಉತ್ತರ ನನ್ನ ಬಾಯಿಯವರೆಗೆ ಬಂತು. ನುಂಗಿದೆ. ಹೇಳಿದ್ದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು.

ಯುಮ್ಮಾ ತೀರಿಹೋದರು. ಹೋಗುವಾಗ ನಿನ್ನ ಹೆಸರು ಹೇಳುತ್ತಿದ್ದರಂತೆ.

ಊರಿನಿಂದ ಕೊರಗಪ್ಪ ಮಾವ ದಿನಾ ಫೋನ್ ಮಾಡುತ್ತಾರೆ. ಅಮ್ಮನಿಗೆ ಜ್ವರ, ಅಮ್ಮನ ಫೋನ್ ಹಾಳು, ಹೀಗೆ ಏನಾದರೂ ಹೇಳುತ್ತೇನೆ. ನಿನ್ನ ತಮ್ಮ ದಡ್ಡನಲ್ಲ. ನಿನ್ನೆ ಏನೂ ಕೇಳದೆ ಇಟ್ಟುಬಿಟ್ಟರು.

ದೀಕ್ಷಿತಾ

*

ಮಹಬೂಲಾ
ಆಗಸ್ಟ್ 1, 2024

ಅಮ್ಮಾ,

ನಿನ್ನೆ ಫಾರಿಸ್ ತಾವಾಗಿಯೇ ಶೋರೂಮಿಗೆ ಬಂದರು. ಕಾರು ನೋಡಲು ಬಂದವರ ಹಾಗೆ ನಿಂತು, "ನೀನು ವಾರಿಜಾಳ ಮಗಳಲ್ಲವೇ? ನನ್ನ ಮಗಳು ನಿನ್ನ ಹತ್ತಿರ ಮಾತಾಡಬೇಕಂತೆ" ಎಂದರು. ನುಹಾ ಕಾರಿನಲ್ಲಿದ್ದಳು. ಉದ್ದವಾಗಿದ್ದಾಳೆ, ಮುಂದಿನ ಎರಡು ಹಲ್ಲು ಹೊಸತು. ನಿನ್ನನ್ನು ವಾರಿಯಾ ಎನ್ನುತ್ತಾ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದಳು. "ಅಲ್ಲಿ ಕುಳಿತವರು ಏಳುವ ಹಾಗಿಲ್ಲ. ಬೇರೆಯವರು ಕುಳಿತರೆ ಮಾತ್ರ ಏಳಬಹುದು. ವಾರಿಯಾ ನನ್ನ ಜಾಗದಲ್ಲಿ ಕುಳಿತಳು. ನನ್ನ ಬೆನ್ನಿಗೆ ಕೈಯಿಟ್ಟು ಹೊರಗೆ ದೂಡಿದಳು." ಮತ್ತೆ ನನ್ನನ್ನೇ ಕೇಳಿದಳು. "ಅವಳು ಈಗ ಬರುತ್ತೇನೆ ಅಂದಿದ್ದಳು. ಯಾಕೆ ಇನ್ನೂ ಬಂದಿಲ್ಲ?"

ನಾನು ಅವಳ ಎದುರು ಅಳಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ.

ಭಾನುವಾರ ಜೆಸಿಬಿ ಬರುತ್ತದೆ. ನುಹಾ ಮಧ್ಯಾಹ್ನವಾದರೆ ಮರದ ಹತ್ತಿರ ಹೋಗಿ ನಿಲ್ಲುತ್ತಾಳೆ, ನಿನ್ನನ್ನು ಕರೆಯುತ್ತಾಳೆ. ಅದಕ್ಕೆ ಅವರಿಗೆ ಭಯ. ಬೇರು ಸಮೇತ ಕೀಳಿಸುತ್ತಾರಂತೆ. ಕಥೆ ಎಂದು ನಕ್ಕವಳು ನಾನು, ಶೋರೂಮಿನ ಬಾಗಿಲಲ್ಲಿ ನಿಂತು ಆ ಮನುಷ್ಯನ ಕೈ ಹಿಡಿದು ಬೇಡಿಕೊಂಡೆ. ಮರ ಬಿದ್ದರೆ ನೀನು ಯಾವ ದಾರಿಯಲ್ಲಿ ಬರುತ್ತಿ? ಅವರು ಕಾರಿನಲ್ಲಿದ್ದ ಮಗಳ ಕಡೆ ನೋಡಿದರು. "ಶುಕ್ರವಾರ ಮಧ್ಯಾಹ್ನ ಬಾ. ಒಂದು ಸಲ ಕರೆದು ನೋಡು. ಆಮೇಲೆ ಖಲಾಸ್" ಎಂದರು.

ನಾಳೆ ಹೋಗುತ್ತೇನೆ. ಲೊರೈನ್ ಬರುತ್ತೇನೆ ಎಂದಳು, ಬೇಡ ಎಂದೆ. ಒಂದು ಯೋಚನೆ ನನ್ನನ್ನು ತಿನ್ನುತ್ತಿದೆ. ನಾನು ಕರೆದರೆ ನೀನು ಓಗೊಡುವುದಿಲ್ಲವಲ್ಲ ಅಮ್ಮಾ. ಓಗೊಡಬೇಡ ಎಂದು ನಿನಗೆ ಹೇಳಿ ಕಳಿಸಿದ್ದಾರಲ್ಲ.

ದೀಕ್ಷಿತಾ

*

ಗಡೀಪಾರು ಕೇಂದ್ರ, ಕುವೈತ್
ನನ್ನ ಲೆಕ್ಕದಲ್ಲಿ ಜನವರಿ 20. ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 4, 2024

ಮಗಾ,

ಇಲ್ಲಿಯ ಒಬ್ಬಳು ಕಾಗದ ಪೆನ್ನು ಕೊಟ್ಟಳು. ಮೊನ್ನೆ ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ. ನೀನು ನನ್ನನ್ನು ತಬ್ಬಿಕೊಂಡು ನಿಂತಿದ್ದಿ, ಅಷ್ಟರಲ್ಲೇ ಮೇಡಂ ಫೋನ್ ಮಾಡಿ ಪೊಲೀಸರನ್ನು ಕರೆಸಿದ್ದರು. ಫಾರಿಸರನ್ನು ತಪ್ಪು ತಿಳಿಯಬೇಡ. ದೂರು ಹಿಂದೆ ತೆಗೆದುಕೊಳ್ಳಲು ಅವರು ಆಮೇಲೆ ಠಾಣೆಗೆ ಹೋಗಿದ್ದರಂತೆ. ಇಷ್ಟು ತಿಂಗಳು ಎಲ್ಲಿದ್ದಳು ಎಂದು ಕೇಳಿದರೆ ಅವರಾದರೂ ಏನು ಹೇಳಿಯಾರು?

ಏನಾಯಿತೆಂದು ನಿನಗೆ ಗೊತ್ತಿರಬೇಕು. ಬೇರೆ ಯಾರಿಗೂ ಹೇಳುವುದಿಲ್ಲ.

ಪೊಟರೆಯಲ್ಲಿ ಬಗ್ಗಿದೆ, ಆ ಕಡೆ ಎದ್ದೆ. ಮಂಜು, ಮೊಣಕಾಲಿನವರೆಗೆ ಹುಲ್ಲು, ಸೋನೆ ಮಳೆ. ಹುಲ್ಲಿನ ದಿಬ್ಬಗಳಿಗೆ ಬಾಗಿಲು. ಬಿಳಿ ಹಸುಗಳು ಮೇಯುತ್ತಿದ್ದವು, ಕಿವಿ ಮಾತ್ರ ಕೆಂಪು. ಒಂದು ಬಾವಿ, ಅದರ ಮೇಲೆ ಇದೇ ಮರ, ಆದರೆ ತುದಿ ಕಾಣದಷ್ಟು ಎತ್ತರ. ಕಾಯಿಗಳು ನೀರಿಗೆ ಬೀಳುತ್ತಿದ್ದವು, ಮೈಮೇಲೆ ಚುಕ್ಕೆಯಿದ್ದ ಒಂದು ದೊಡ್ಡ ಮೀನು ಮೇಲೆ ಬಂದು ತಿನ್ನುತ್ತಿತ್ತು. ಬಾವಿಯ ಸುತ್ತ ಕಲ್ಲುಗಳ ಮೇಲೆ ಜನ ಕುಳಿತಿದ್ದರು. ಎಲ್ಲರ ಮುಖದಲ್ಲೂ ನಗು, ಯಾರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವರ ನಡುವೆ ನುಹಾ ಒಬ್ಬಳೇ ಅಳುತ್ತಿದ್ದಳು.

ಚೆಂದ ಎಂದರೆ ಹೇಳಲಾಗದಷ್ಟು ಚೆಂದ. ಅಂಥ ಹೆದರಿಕೆ ನನಗೆ ಎಲ್ಲೂ ಆಗಿಲ್ಲ.

ಕೂದಲು ಬಾಚುತ್ತಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ತುಳುವಿನಲ್ಲೇ ಮಾತಾಡಿದಳು. ಕಲ್ಲು ಖಾಲಿ ಇರಬಾರದು ಎಂದಳು. ನಾನು ಕುಳಿತೆ, ಮಗುವನ್ನು ದೂಡಿದೆ. ಅವರು ಹಾಡು ಶುರುಮಾಡಿದರು. ಆ ಹಾಡು ಮುಗಿಯುವ ಮೊದಲೇ ನಿನ್ನ ಸ್ವರ ಬಂತು.

ಮೊದಲು ಬಂದದ್ದು ನೀನಲ್ಲ. "ಅಮ್ಮಾ, ನೀರು ಕುಡಿ, ಬಾಯಾರಿರಬೇಕು" ಎಂದು ಅಕ್ಕರೆಯಿಂದ ಕರೆಯಿತು. ನಾನು ತುಟಿ ಬಿಗಿಹಿಡಿದೆ. ಆಮೇಲೆ ಬಂದದ್ದು ನೀನು. "ಅಮ್ಮಾ, ಬಾ" ಎಂದೆ. ಅದಕ್ಕೂ ನಾನು ಅಲ್ಲಾಡಲಿಲ್ಲ. ಎಷ್ಟು ಸಲ ಕರೆದೆಯೋ. ಕೊನೆಗೆ ನೀನು ಬಯ್ಯಲು ಶುರುಮಾಡಿದೆ ನೋಡು. "ನಿಕ್ಕ್ ಬುದ್ಧಿ ಇಜ್ಜಾ, ಬುದ್ಧಿ ಇಲ್ಲವಾ ನಿನಗೆ? ಊರವರ ಮಕ್ಕಳನ್ನೆಲ್ಲ ಸಾಕಲು ಹೋಗುತ್ತಿ, ಸ್ವಂತ ಮಗಳು ಬದುಕಿದ್ದಾಳೋ ಸತ್ತಿದ್ದಾಳೋ ನಿನಗೆ ಬೇಡ. ಅಲ್ಲೇ ಕೊಳೆ, ಇನ್ನು ನಾನು ಬರುವುದಿಲ್ಲ" ಎಂದು, ಬಿಕ್ಕುತ್ತಾ, ಗಂಟಲು ಹರಿದುಕೊಂಡು.

ಅಲ್ಲಿ ಯಾರೂ ಬಯ್ಯುವುದಿಲ್ಲ ಮಗಾ. ಆ ಮರಕ್ಕೆ ಬಯ್ಯಲು ಬರುವುದಿಲ್ಲ. ನೀನೇ ಎಂದು ಗೊತ್ತಾಯಿತು. "ಬಂದೆ" ಎಂದೆ. ಹಾಡು ನಿಂತಿತು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕಲ್ಲಿಗೆ ಅಂಟಿಕೊಂಡಿದ್ದ ಕಾಲುಗಳನ್ನು ಕಿತ್ತುಕೊಂಡು ಎದ್ದೆ. ಹಿಮ್ಮಡಿಯ ಚರ್ಮ ಅಲ್ಲೇ ಉಳಿಯಿತು. ಬೆನ್ನಹಿಂದೆ ಹುಲ್ಲು ಸರಸರ ಎನ್ನುತ್ತಿತ್ತು. ತಿರುಗಿ ನೋಡಲಿಲ್ಲ.

ಹೊರಗೆ ಬಿಸಿಲು ಕುದಿಯುತ್ತಿತ್ತು. ಹೋಗುವಾಗ ಚಳಿ ಇತ್ತಲ್ಲ ಎಂದುಕೊಂಡೆ.

ಬೆರಳಚ್ಚು ತೆಗೆದಿದ್ದಾರೆ. ಇನ್ನು ಈ ದೇಶಕ್ಕೆ ಕಾಲಿಡುವ ಹಾಗಿಲ್ಲವಂತೆ. ಕೇಳಿ ಸಮಾಧಾನವಾಯಿತು.

ಅಮ್ಮ

*

ಮಹಬೂಲಾ
ಸೆಪ್ಟೆಂಬರ್ 27, 2024

ಅಮ್ಮಾ,

ನೀನು ಊರಿಗೆ, ಬೈಕಂಪಾಡಿಯ ಮಾವನ ಮನೆಗೆ ಮುಟ್ಟಿ ಇಷ್ಟು ದಿನವಾಯಿತು, ಒಂದು ಸಲವಾದರೂ ಫೋನಿಗೆ ಬಂದಿಲ್ಲ. ಕೊರಗಪ್ಪ ಮಾವ ಹೊಸ ಫೋನ್ ತೆಗೆದುಕೊಟ್ಟಿದ್ದಾರಂತೆ. ನಾನು ಮಾಡಿದರೆ ನೀನು ಅದರ ಮೇಲೆ ದಿಂಬು ಇಟ್ಟು ಹೊರಗೆ ಹೋಗುತ್ತೀಯಂತೆ. ಊಟ ಸರಿಯಾಗಿ ಮಾಡುತ್ತಿಲ್ಲವಂತೆ. ಬೈದದ್ದಕ್ಕೆ ಸಿಟ್ಟೇ? ಸಿಟ್ಟಿದ್ದರೆ ಸಿಟ್ಟು ಎಂದು ಬರೆ.

ಫಾರಿಸ್ ಮರ ಕಡಿಸಲಿಲ್ಲ. ಯಾವ ಡ್ರೈವರೂ ಗೇಟಿನಿಂದ ಒಳಗೆ ಬರಲು ಒಪ್ಪಲಿಲ್ಲ. ಮನೆಗೆ ಬೀಗ ಹಾಕಿ, ಮಗುವನ್ನು ಕರೆದುಕೊಂಡು ಬೇರೆ ಕಡೆ ಹೋಗಿದ್ದಾರೆ. ನುಹಾ ನಿನಗೆ ಒಂದು ಚಿತ್ರ ಬಿಡಿಸಿ ಕೊಟ್ಟಿದ್ದಾಳೆ. ಬರುವಾಗ ತರುತ್ತೇನೆ.

ಹೌದು, ಬರುತ್ತೇನೆ. ಕೆಲಸ ಬಿಡುತ್ತೇನೆ ಎಂದು ಬರೆದುಕೊಟ್ಟೆ. ನವೆಂಬರ್ ಹೊತ್ತಿಗೆ ಎಲ್ಲ ಮುಗಿಯುತ್ತದೆ.

ದೀಕ್ಷಿತಾ

*

ಬೈಕಂಪಾಡಿ
ಅಕ್ಟೋಬರ್ 21, 2024

ದೀಕ್ಷೂ,

ಸಿಟ್ಟಲ್ಲ ಮಗಾ. ಬೈದು ನನ್ನನ್ನು ಹೆತ್ತವಳು ನೀನು, ಸಿಟ್ಟು ಎಲ್ಲಿಂದ ಬರಬೇಕು?

ಇಲ್ಲಿಗೆ ಬಂದ ವಾರವೇ, ಕೊರಗಪ್ಪ ಫ್ಯಾಕ್ಟರಿಗೆ ಹೋಗಿದ್ದ. ಮಧ್ಯಾಹ್ನ ಮೆಟ್ಟಿಲಿನಲ್ಲಿ ಕುಳಿತು ಮೀನು ಕೊಯ್ಯುತ್ತಿದ್ದೆ. ನೀರಿನ ಟ್ಯಾಂಕಿನ ಹಿಂದಿನಿಂದ "ಅಮ್ಮಾ" ಎಂದೆ ನೀನು. ನಾನು ಎದ್ದು ನೋಡಿದೆ. ಲಾರಿಗಳು ಹೋಗುತ್ತಿದ್ದವು, ಯಾರೂ ಇರಲಿಲ್ಲ. ಇಲ್ಲಿ ಮರವೇ ಇಲ್ಲ ಮಗಾ, ಶೀಟು ಹಾಕಿದ ಶೆಡ್ಡುಗಳು ಮಾತ್ರ. ಮರುದಿನ ಮತ್ತೆ ಕರೆದೆ. ಮೂರನೆಯ ದಿನ ಬೈದೆ. "ನಿಕ್ಕ್ ಬುದ್ಧಿ ಇಜ್ಜಾ" ಎಂದೇ. ಅಳುವೂ ಹಾಗೇ ಇತ್ತು.

ಅದು ಕಲಿತುಕೊಂಡಿದೆ.

ಫೋನಿನಲ್ಲಿ ಬರುವ ಸ್ವರ ನಿನ್ನದೇ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನೋ ಅಲ್ಲವೋ ಎಂದು ಕೇಳಲು ಬಾಯಿ ತೆರೆಯಬೇಕಲ್ಲ, ಬಾಯಿ ತೆರೆದರೆ ಓಗೊಟ್ಟ ಹಾಗೆ. ಆದ್ದರಿಂದ ಅದರ ಮೇಲೆ ದಿಂಬು ಇಡುತ್ತೇನೆ. ತಮ್ಮನಿಗೆ ನಾನು ಇದನ್ನೆಲ್ಲ ಹೇಳಿಲ್ಲ. ಅಕ್ಕನಿಗೆ ತಲೆ ಸರಿಯಿಲ್ಲ ಎಂದು ಅವನು ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಹೇಳಿದರೆ ಅವನೂ ಟ್ಯಾಂಕಿನ ಹಿಂದೆ ಹೋಗಿ ಹುಡುಕುತ್ತಾನೆ. ಅದು ನನಗೆ ಬೇಡ.

ನುಹಾಳ ಚಿತ್ರ ತಾ. ಅವಳ ತಾಯಿಗೆ ಹೇಗಾದರೂ ತಿಳಿಸು, ಮಧ್ಯಾಹ್ನ ಮಗುವನ್ನು ಒಬ್ಬಳನ್ನೇ ಬಿಡಬಾರದು, ಎಲ್ಲಿದ್ದರೂ.

ನೀನು ಬರುವ ದಿನ ನಾನು ಮನೆಯಲ್ಲೇ ಇರುತ್ತೇನೆ, ಬಾಗಿಲು ತೆರೆದಿರುತ್ತದೆ. ರಿಕ್ಷಾದಿಂದ ಇಳಿದು ಹೊರಗೆ ನಿಂತು ಕರೆಯಬೇಡ. ನಾನು ಒಳಗೆ ಕುಳಿತದ್ದು ಕಂಡರೂ ಕರೆಯಬೇಡ. ಬ್ಯಾಗು ಅಂಗಳದಲ್ಲೇ ಬಿಡು, ಒಂದೂ ಮಾತಾಡದೆ ಒಳಗೆ ಬಾ, ಬಂದು ನನ್ನ ಕೈ ಹಿಡಿ. ಕೈ ಬಿಸಿಯಾಗಿದ್ದರೆ ನಾನು ತಲೆ ಎತ್ತುತ್ತೇನೆ.

ಕಾಯುತ್ತಿರುವ
ಅಮ್ಮ